ಚಿನ್ನದ ಮೂಲ ತೋರಿಸಿದ ಎರಡು ಸೆಕೆಂಡಿನ ಮಿಂಚು: ನಮ್ಮ ಉಪಗ್ರಹಕ್ಕೆ ಕಾಣದೇ ಇದ್ದದ್ದೂ ಸಾಕ್ಷಿ ಆಯ್ತು

ತೆಲಿಗಿ (ಹರಪನಹಳ್ಳಿ ತಾಲ್ಲೂಕು): ಇವತ್ತು ಚಿನ್ನದ ರೇಟು ಎಷ್ಟು ಅಂತ ದಿನಾ ಕೇಳುವವರು ನಮ್ಮ ಕಡೆ ಬಹಳ ಜನ. ಆ ಚಿನ್ನ ಮೊದಲು ಹುಟ್ಟಿದ್ದು ಎಲ್ಲಿ ಅಂತ ಕೇಳಿದರೆ ಮಾತು ರಾಯಚೂರು ಜಿಲ್ಲೆಯ ಹಟ್ಟಿ ಗಣಿವರೆಗೆ ಹೋಗಿ ನಿಲ್ಲುತ್ತದೆ. ಹಟ್ಟಿಯ ಬಂಡೆಯೊಳಗೆ ಚಿನ್ನ ಬಂದಿದ್ದಾದರೂ ಎಲ್ಲಿಂದ? ಈ ಪ್ರಶ್ನೆಗೆ ದೊಡ್ಡ ಸುಳಿವು ಸಿಕ್ಕಿದ್ದು 2017ರ ಆಗಸ್ಟ್ 17ರ ಗುರುವಾರ, ಭಾರತದ ಸಮಯ ಸಂಜೆ 6 ಗಂಟೆ 11 ನಿಮಿಷಕ್ಕೆ. ಸುಳಿವು ಕೊಟ್ಟಿದ್ದು ಆಕಾಶದಲ್ಲಿ ಎರಡು ಸೆಕೆಂಡು ಮಾತ್ರ ಇದ್ದ ಒಂದು ಗಾಮಾ ಕಿರಣಗಳ ಮಿಂಚು.

ಆ ಮಿಂಚು ಯಾರ ಕಣ್ಣಿಗೂ ಕಾಣಲಿಲ್ಲ. ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹಕ್ಕೂ ಕಾಣಲಿಲ್ಲ. ಆದರೂ ಅದು ಬಂದ ದಿಕ್ಕು ಹುಡುಕುವ ಕೆಲಸದಲ್ಲಿ ಆಸ್ಟ್ರೋಸ್ಯಾಟ್ ಪಾಲೂ ಇದೆ. ಅದು ಹೇಗೆ ಅನ್ನೋದೇ ಈ ಬರಹದ ವಿಷಯ.

ಏನಿದು ಗಾಮಾ ಸ್ಫೋಟ?

ಗಾಮಾ ಕಿರಣ ಅಂದರೆ ಎಕ್ಸ್‌ರೇಗಿಂತಲೂ ಹೆಚ್ಚು ಶಕ್ತಿಯ ಬೆಳಕು. ಬಾಹ್ಯಾಕಾಶದ ಯಾವುದೋ ದಿಕ್ಕಿನಿಂದ ಇಂಥ ಬೆಳಕು ಇದ್ದಕ್ಕಿದ್ದಂತೆ ಬಂದು ಮಾಯವಾಗುತ್ತದೆ. ಇದನ್ನೇ ಗಾಮಾ ಕಿರಣ ಸ್ಫೋಟ ಅಂತಾರೆ. ಇದರಲ್ಲಿ ಎರಡು ಜಾತಿ. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಇರುವುದು ದೀರ್ಘ ಸ್ಫೋಟ. ಹೆಚ್ಚಾಗಿ ದೊಡ್ಡ ನಕ್ಷತ್ರ ಸಾಯುವಾಗ ಆಗುವಂಥದ್ದು. ಎರಡು ಸೆಕೆಂಡಿನ ಒಳಗೆ ಮುಗಿಯುವುದು ಕಿರು ಸ್ಫೋಟ. ಇದು ಎರಡು ನ್ಯೂಟ್ರಾನ್ ನಕ್ಷತ್ರ ಒಂದನ್ನೊಂದು ಸುತ್ತುತ್ತಾ ಡಿಕ್ಕಿ ಹೊಡೆದಾಗ ಆಗಬಹುದು ಅಂತ ವಿಜ್ಞಾನಿಗಳು ಬಹಳ ಕಾಲದಿಂದ ಹೇಳುತ್ತಿದ್ದರು. ನ್ಯೂಟ್ರಾನ್ ನಕ್ಷತ್ರ ಅಂದರೆ ಸೂರ್ಯನಿಗಿಂತ ಹೆಚ್ಚು ತೂಕವನ್ನು ಒಂದು ಪಟ್ಟಣದ ಅಳತೆಗೆ ಅದುಮಿ ಇಟ್ಟಂಥ ಉಂಡೆ.

ಈ ಕಿರಣಗಳನ್ನು ಭೂಮಿಯ ಗಾಳಿಯ ಹೊದಿಕೆ ಮೇಲೆಯೇ ಹೀರಿಕೊಳ್ಳುತ್ತದೆ. ಹಾಗಾಗಿ ಕೆಳಗಿರುವ ನಮಗೆ ಭಯವೂ ಇಲ್ಲ, ನೋಡುವ ಅವಕಾಶವೂ ಇಲ್ಲ. ನೋಡಬೇಕಂದರೆ ಉಪಗ್ರಹವೇ ಬೇಕು.

ಮೊದಲು ಸಿಕ್ಕಿದ್ದೂ ಆಕಸ್ಮಿಕವಾಗಿ. ಕದ್ದುಮುಚ್ಚಿ ಯಾರಾದರೂ ಅಣುಬಾಂಬ್ ಪರೀಕ್ಷೆ ಮಾಡುತ್ತಾರಾ ಅಂತ ಕಾಯಲು ಅಮೆರಿಕ ವೇಲಾ ಎಂಬ ಉಪಗ್ರಹಗಳನ್ನು ಬಿಟ್ಟಿತ್ತು. 1967ರ ಜುಲೈ 2ರಂದು ಅವು ಒಂದು ಗಾಮಾ ಮಿಂಚನ್ನು ದಾಖಲಿಸಿದವು. ಅದು ಬಾಂಬ್ ಆಗಿರಲಿಲ್ಲ. ಬೇರೆ ಬೇರೆ ವೇಲಾ ಉಪಗ್ರಹಗಳಿಗೆ ಇಂಥ ಮಿಂಚುಗಳು ತಲುಪಿದ ಸಮಯದ ವ್ಯತ್ಯಾಸ ನೋಡಿ, ಇವು ಭೂಮಿಯಿಂದಲೂ ಬಂದಿಲ್ಲ, ಸೂರ್ಯನಿಂದಲೂ ಬಂದಿಲ್ಲ ಅಂತ ತಿಳಿದವರು 1973ರಲ್ಲಿ ಈ ಸುದ್ದಿ ಪ್ರಕಟಿಸಿದರು.

ದಿಕ್ಕು ಹಿಡಿಯೋದು ಹೇಗೆ?

ಗಾಮಾ ಕಿರಣವನ್ನು ಮಾಮೂಲಿ ಮಸೂರ ಇಟ್ಟು ಒಂದು ಕಡೆ ಕೂಡಿಸಲು ಆಗೋದಿಲ್ಲ, ಅದು ನೇರ ತೂರಿ ಹೋಗುತ್ತದೆ. ಹಾಗಾಗಿ ದಿಕ್ಕು ಹಿಡಿಯಲು ಬೇರೆ ಉಪಾಯಗಳಿವೆ.

ಒಂದು, ಬಿಸಿಲಿನ ಲೆಕ್ಕ. ಅಂಗಡಿಯ ನಾಲ್ಕು ಗೋಡೆ ಮುಟ್ಟಿ ನೋಡಿ. ಒಂದು ಸುಡುತ್ತದೆ, ಒಂದು ಬೆಚ್ಚಗಿರುತ್ತದೆ, ಇನ್ನೊಂದು ತಣ್ಣಗಿರುತ್ತದೆ. ಹೊರಗೆ ಬರದೇ ಸೂರ್ಯ ಯಾವ ಕಡೆ ಇದ್ದಾನೆ ಅಂತ ಹೇಳಬಹುದು. 2008ರಲ್ಲಿ ಹಾರಿದ ನಾಸಾದ ಫರ್ಮಿ ಉಪಗ್ರಹ ಹೀಗೇ ಬೇರೆ ಬೇರೆ ಕಡೆ ಮುಖ ಮಾಡಿದ ಶೋಧಕಗಳನ್ನು ಹೊತ್ತಿದೆ. ಯಾವುದಕ್ಕೆ ಎಷ್ಟು ಕಿರಣ ಬಿತ್ತು ಅಂತ ಹೋಲಿಸಿ ದಿಕ್ಕು ಅಂದಾಜು ಮಾಡುತ್ತದೆ. ಇದು ಬೇಗ ಸಿಗುವ ಉತ್ತರ, ಆದರೆ ಒರಟು ಅಂದಾಜು.

ಎರಡು, ಜಾಲಂಧ್ರದ ನೆರಳು. ಜಾಲಂಧ್ರದಿಂದ ಬಿಸಿಲು ಬಿದ್ದಾಗ ನೆಲದ ಮೇಲೆ ಒಂದು ಚಿತ್ತಾರ ಮೂಡುತ್ತದೆ. ಸೂರ್ಯ ಸರಿದಂತೆ ಚಿತ್ತಾರವೂ ಸರಿಯುತ್ತದೆ. 2004ರಲ್ಲಿ ಹಾರಿದ ಸ್ವಿಫ್ಟ್ ಉಪಗ್ರಹದಲ್ಲಿ ಸೀಸದ ತುಂಡುಗಳ ಇಂಥದೇ ಜಾಲರಿ ಇದೆ. ನೆರಳಿನ ಚಿತ್ತಾರ ಓದಿ ಅದು ಸ್ಫೋಟದ ಜಾಗವನ್ನು ಬಹಳ ನಿಖರವಾಗಿ ಹೇಳುತ್ತದೆ. ನಂತರ ತಾನೇ ಆ ಕಡೆ ತಿರುಗಿ ನೋಡುತ್ತದೆ.

ಮೂರು, ಸಮಯದ ವ್ಯತ್ಯಾಸ. ಎಲ್ಲೋ ಗರ್ನಾಲು ಹೊಡೆದರೆ ಊರಿನ ಈ ತುದಿಯವರಿಗೆ ಮೊದಲು, ಆ ತುದಿಯವರಿಗೆ ಆಮೇಲೆ ಕೇಳಿಸುತ್ತದೆ. ಮೊದಲು ಕೇಳಿಸಿದ್ದು ಯಾರಿಗೆ, ಎಷ್ಟು ಮೊದಲು ಅಂತ ಗೊತ್ತಾದರೆ ಸದ್ದು ಬಂದ ಕಡೆ ಗೊತ್ತಾಗುತ್ತದೆ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುವುದರಿಂದ ಇಲ್ಲಿ ವ್ಯತ್ಯಾಸ ಬಹಳ ಸಣ್ಣದು. ಹಾಗಾಗಿ ಉಪಗ್ರಹಗಳು ಒಂದಕ್ಕೊಂದು ದೂರ ಇದ್ದಷ್ಟೂ ಒಳ್ಳೆಯದು.

ನಾಲ್ಕನೆಯದು, ಕಾಣದೇ ಇರೋದನ್ನು ಲೆಕ್ಕಕ್ಕೆ ಹಿಡಿಯುವುದು. ಪೇಟೆಯಲ್ಲಿ ಕರೆಂಟು ಹೋದಾಗ ಲೈನ್‌ಮನ್ ಮೊದಲು ಕೇಳೋದು ಏನು? ಯಾರ ಅಂಗಡಿಯಲ್ಲಿ ಹೋಗಿದೆ ಅನ್ನೋದರ ಜೊತೆಗೆ ಎದುರಿನ ಸಾಲಿನಲ್ಲಿ ಇದೆಯಾ ಅಂತಲೂ ಕೇಳುತ್ತಾರೆ. ಎದುರಿನ ಸಾಲಿನಲ್ಲಿ ಕರೆಂಟ್ ಇದ್ದರೆ ಆ ಟಿಸಿಯನ್ನು ಬಿಟ್ಟು ಈ ಟಿಸಿ ನೋಡಿದರೆ ಆಯ್ತು. ಹುಡುಕುವ ಕೆಲಸ ಅಷ್ಟು ಕಡಿಮೆ.

ಬೆಂಗಳೂರಿನ ಪಾಲು

ಗಾಮಾ ಸ್ಫೋಟ ಹುಡುಕುವ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. 1994ರ ಮೇ 4ರಂದು ಶ್ರೀಹರಿಕೋಟಾದಿಂದ ಹಾರಿದ ಸ್ರಾಸ್-ಸಿ2 ಎಂಬ ಪುಟ್ಟ ಉಪಗ್ರಹದಲ್ಲಿ ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರ ತಯಾರಿಸಿದ ಗಾಮಾ ಸ್ಫೋಟ ಶೋಧಕ ಇತ್ತು.

2015ರ ಸೆಪ್ಟೆಂಬರ್ 28ರಂದು ಪಿಎಸ್‌ಎಲ್‌ವಿ-ಸಿ30 ರಾಕೆಟ್ ಆಸ್ಟ್ರೋಸ್ಯಾಟ್ ಉಪಗ್ರಹವನ್ನು ಸುಮಾರು 650 ಕಿಲೋಮೀಟರ್ ಎತ್ತರಕ್ಕೆ ಬಿಟ್ಟಿತು. ಅದನ್ನು ನಿಯಂತ್ರಿಸುವುದು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋ ಕೇಂದ್ರದಿಂದ. ಮಾಹಿತಿ ಇಳಿಯುವುದು ಬೆಂಗಳೂರಿನ ಹೊರಗಿನ ಬ್ಯಾಲಾಳು ಗ್ರಾಮದ ಆಂಟೆನಾಗಳಿಗೆ. ಅದರಲ್ಲಿರುವ ಸಿಝಡ್‌ಟಿಐ ಎಂಬ ಉಪಕರಣ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದದ್ದು. ಇದನ್ನು ಮಾಡಿದ್ದು ಎದುರಿಗಿರುವ ಎಕ್ಸ್‌ರೇ ನೋಡಲಿಕ್ಕೆ. ಆದರೆ ಹೆಚ್ಚು ಶಕ್ತಿಯ ಕಿರಣ ಅದರ ಪಕ್ಕದ ಗೋಡೆಗಳನ್ನೂ ತೂರಿ ಒಳಗೆ ಬರುತ್ತದೆ. ಹಾಗಾಗಿ ಯಾವ ಕಡೆಯಿಂದ ಗಾಮಾ ಮಿಂಚು ಬಂದರೂ ಅದು ಹಿಡಿಯುತ್ತದೆ. ಉಪಕರಣ ಚಾಲೂ ಮಾಡಿದ ಮೊದಲ ದಿನವೇ, 2015ರ ಅಕ್ಟೋಬರ್ 6ರಂದು, ಒಂದು ಸ್ಫೋಟ ಸಿಕ್ಕಿತು. 2023ರ ನವೆಂಬರ್ 22ಕ್ಕೆ ಲೆಕ್ಕ 600 ಮುಟ್ಟಿತು.

ಒಂದೇ ಒಂದು ಅಡ್ಡಿ ಇದೆ. ಅಷ್ಟು ಎತ್ತರದಲ್ಲಿ ಸುತ್ತುವ ಉಪಗ್ರಹಕ್ಕೆ ಆಕಾಶದ ಸುಮಾರು ಶೇ 30 ಭಾಗವನ್ನು ಭೂಮಿಯೇ ಮರೆ ಮಾಡುತ್ತದೆ.

ಆ ಗುರುವಾರ ಏನಾಯ್ತು?

2017ರ ಆಗಸ್ಟ್ 17ರ ಸಂಜೆ ಅಮೆರಿಕದ ಎರಡು ಲೈಗೋ ಕೇಂದ್ರಗಳಲ್ಲಿ ಗುರುತ್ವ ಅಲೆ ದಾಖಲಾಯಿತು. ಅದಾಗಿ 1.7 ಸೆಕೆಂಡಿಗೆ ಫರ್ಮಿ ಉಪಗ್ರಹಕ್ಕೆ ಕಿರು ಗಾಮಾ ಸ್ಫೋಟ ಸಿಕ್ಕಿತು. ಎರಡೂ ಒಂದೇ ಡಿಕ್ಕಿಯಿಂದ ಬಂದಿದ್ದಾ? ಹಾಗಿದ್ದರೆ ಅದು ಆಗಿದ್ದು ಎಲ್ಲಿ? ಜಾಗ ಸಿಗದಿದ್ದರೆ ದೂರದರ್ಶಕ ತಿರುಗಿಸುವುದಾದರೂ ಯಾವ ಕಡೆಗೆ? ತಡವಾದರೆ ಉಳಿದ ಬೆಳಕೂ ಆರಿ ಹೋಗುತ್ತದೆ.

ಫರ್ಮಿ ಹೇಳಿದ ಪ್ರದೇಶ ಸಾವಿರ ಚದರ ಡಿಗ್ರಿಗೂ ಮಿಕ್ಕಿತ್ತು. ಅಂದರೆ ಸುಮಾರು ಐದು ಸಾವಿರ ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು ಜಾಗ. ನಿಖರವಾಗಿ ಹೇಳಬಲ್ಲ ಸ್ವಿಫ್ಟ್‌ಗೆ ಆ ಹೊತ್ತಿನಲ್ಲಿ ಭೂಮಿ ಅಡ್ಡ ಇತ್ತು. ಆಸ್ಟ್ರೋಸ್ಯಾಟ್‌ಗೂ ಏನೂ ಕಾಣಲಿಲ್ಲ. ಉಪಕರಣ ಕೆಲಸ ಮಾಡುತ್ತಿತ್ತು, ಸ್ಫೋಟ ಎದುರಿಗೆ ಆಗಿದ್ದರೆ ಸಿಗಬೇಕಿತ್ತು. ಸಿಗಲಿಲ್ಲ ಅಂದರೆ ಅದು ಆಸ್ಟ್ರೋಸ್ಯಾಟ್ ಪಾಲಿಗೆ ಭೂಮಿಯ ಹಿಂದೆ ಆಗಿದೆ ಅಂತ ಅರ್ಥ. ಹೀಗೆ ಫರ್ಮಿ ಹೇಳಿದ ಪ್ರದೇಶದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಬಿಟ್ಟುಬಿಡಬಹುದು ಅಂತ ಲೆಕ್ಕ ಸಿಕ್ಕಿತು.

ಇಟಲಿಯ ವರ್ಗೋ ಕೇಂದ್ರದಲ್ಲೂ ಇದೇ ಕಥೆ. ಅಲ್ಲಿ ಗುರುತ್ವ ಅಲೆ ಬಹಳ ಸಣ್ಣಗೆ ಮಾತ್ರ ಕಂಡಿತು. ವರ್ಗೋಗೆ ಸರಿಯಾಗಿ ಕಾಣದ ಕೆಲವು ದಿಕ್ಕುಗಳಿವೆ. ಹಾಗಾದರೆ ಡಿಕ್ಕಿ ಅಂಥ ಒಂದು ದಿಕ್ಕಿನ ಹತ್ತಿರವೇ ಆಗಿರಬೇಕು! ಲೈಗೋ, ವರ್ಗೋ ಸೇರಿ ಹುಡುಕುವ ಜಾಗವನ್ನು ಸುಮಾರು 30 ಚದರ ಡಿಗ್ರಿಗೆ ಇಳಿಸಿದವು. ಹೆಚ್ಚಿನ ಭಾಗ ಇಳಿಸಿದ್ದು ಇವೇ. ಉಪಗ್ರಹಗಳು ಬೇರೆ ದಾರಿಯಿಂದ ಹೇಳಿದ ದಿಕ್ಕೂ ಅದಕ್ಕೆ ಹೊಂದಿಕೊಂಡಿತು.

ಸುಮಾರು 11 ಗಂಟೆಯಲ್ಲಿ ಚಿಲಿ ದೇಶದ ಸ್ವೋಪ್ ದೂರದರ್ಶಕ ಹೊಸ ಬೆಳಕಿನ ಚುಕ್ಕೆಯನ್ನು ಹಿಡಿಯಿತು. ಜಾಗ ಎನ್‌ಜಿಸಿ 4993 ಎಂಬ ನಕ್ಷತ್ರಗಳ ಗುಂಪು. ದೂರ ಸುಮಾರು 13 ಕೋಟಿ ಜ್ಯೋತಿರ್ವರ್ಷ. ಆ ಬೆಳಕು ದಿನದಿಂದ ದಿನಕ್ಕೆ ನೀಲಿಯಿಂದ ಕೆಂಪಿಗೆ ತಿರುಗಿದ ರೀತಿ ನೋಡಿ, ಅಲ್ಲಿ ಚಿನ್ನ, ಪ್ಲಾಟಿನಂನಂಥ ಭಾರದ ಧಾತುಗಳು ತಯಾರಾಗಿವೆ ಅಂತ ವಿಜ್ಞಾನಿಗಳು ತೀರ್ಮಾನಿಸಿದರು. ನಮ್ಮ ಚಿನ್ನ ಆ ದಿನದ್ದಲ್ಲ. ಸೂರ್ಯ, ಭೂಮಿ ಹುಟ್ಟಿದ್ದು ಸುಮಾರು 460 ಕೋಟಿ ವರ್ಷದ ಹಿಂದೆ. ಅದಕ್ಕೂ ಮೊದಲು ಆದ ಇಂಥ ಡಿಕ್ಕಿಗಳ ಚಿನ್ನ ಭೂಮಿಯ ಮಣ್ಣಿಗೆ ಸೇರಿರಬೇಕು. ಅಕ್ಕಸಾಲಿಗರ ತಕ್ಕಡಿಗೆ ಬೀಳುವ ಒಂದೊಂದು ಗ್ರಾಂಗೂ ಅಷ್ಟು ಹಳೆಯ ಕಥೆ ಇದೆ.

ಮುಂದೇನು?

ಆಸ್ಟ್ರೋಸ್ಯಾಟ್‌ಗೆ ಇಟ್ಟುಕೊಂಡಿದ್ದ ಆಯಸ್ಸು ಐದು ವರ್ಷ. ಅದನ್ನು ದಾಟಿಯೂ ಅದು ಬಹಳ ದುಡಿದಿದೆ. ಭೂಮಿ ಅಡ್ಡ ಬರುವ ತೊಂದರೆಗೆ ಪರಿಹಾರವಾಗಿ ಐಐಟಿ ಬಾಂಬೆ ನೇತೃತ್ವದಲ್ಲಿ ಭಾರತದ ಸಂಸ್ಥೆಗಳು 'ದಕ್ಷ' ಎಂಬ ಯೋಜನೆಯ ಪ್ರಸ್ತಾಪ ಮುಂದಿಟ್ಟಿವೆ. ಭೂಮಿಯ ಆಚೆ ಒಂದು, ಈಚೆ ಒಂದು, ಹೀಗೆ ಎರಡು ಉಪಗ್ರಹ. ಒಂದಕ್ಕೆ ಮರೆಯಾದದ್ದು ಇನ್ನೊಂದಕ್ಕೆ ಕಾಣುತ್ತದೆ. ಒಂದಕ್ಕೆ ಮಾತ್ರ ಕಂಡರೆ ದಿಕ್ಕಿನ ಸುಳಿವೂ ಸಿಗುತ್ತದೆ.

ಆಸ್ಟ್ರೋಸ್ಯಾಟ್ ಮಾಹಿತಿಯ ಸಂಗ್ರಹವನ್ನು ಇಸ್ರೋ 2018ರ ಸೆಪ್ಟೆಂಬರ್‌ನಲ್ಲಿ ಸಾರ್ವಜನಿಕರಿಗೆ ತೆರೆದಿದೆ. ಹರಪನಹಳ್ಳಿ, ಕೊಟ್ಟೂರು, ಹಡಗಲಿ ಕಾಲೇಜುಗಳಲ್ಲಿ ಬಿಎಸ್ಸಿ ಓದುವ ಮಕ್ಕಳು ಹೆಸರು ನೋಂದಾಯಿಸಿ ಅದನ್ನು ಇಳಿಸಿಕೊಂಡು ಪ್ರಾಜೆಕ್ಟ್ ಮಾಡಬಹುದು. ಮಾಡುವಾಗ ಸ್ಫೋಟ ಸಿಕ್ಕ ದಿನದ ಕಡತದ ಜೊತೆ, ಏನೂ ಸಿಗದ ದಿನದ ಕಡತವನ್ನೂ ತೆಗೆದು ನೋಡುವುದು ಒಳ್ಳೆಯದು.