ಊರಂಚಿನ ಕಲ್ಲುಗಳು ನುಡಿದಾವು

ಕೆರೆಯ ಏರಿಯ ಮೇಲೆ, ಊರಬಾಗಿಲ ಬಳಿ, ಹಾಳುಗುಡಿಯ ಹಿಂದೆ ಅರ್ಧ ಹೂತು ನಿಂತಿರುವ ಕಲ್ಲುಗಳನ್ನು ಕನ್ನಡನಾಡಿನ ಹಳ್ಳಿಗಳಲ್ಲಿ ಕಾಣದವರು ವಿರಳ. ಕೆಲವಕ್ಕೆ ಅರಿಶಿನ ಕುಂಕುಮಗಳ ಪೂಜೆ ಸಲ್ಲುತ್ತದೆ. ಕೆಲವು ಬಟ್ಟೆ ಒಗೆಯುವ ಹಾಸುಗಲ್ಲುಗಳಾಗಿವೆ. ಮಡಿದವರ ನೆನಪಿಗಾಗಿ ನೆಟ್ಟ ಈ ವೀರಗಲ್ಲು, ಮಾಸ್ತಿಕಲ್ಲುಗಳೇ ಎಷ್ಟೋ ಊರುಗಳ ಪಾಲಿಗೆ ಉಳಿದಿರುವ ಪ್ರಾಚೀನ ಚರಿತ್ರೆ.

ಇವುಗಳ ಚಿತ್ರಭಾಷೆಯನ್ನು ಅರಿಯುವುದು ಕಷ್ಟವಲ್ಲ. ವೀರಗಲ್ಲನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ; ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು; ಮೇಲೆ ಶಿವಲಿಂಗದ ಸನ್ನಿಧಿ. ಕಾಳಗದ ಬದಿಯಲ್ಲಿ ದನಗಳಿದ್ದರೆ, ಆತ ಊರ ತುರುಗಳನ್ನು ಕಾಯುತ್ತ ಮಡಿದನೆಂದು ತಿಳಿಯಬೇಕು. ಬಳೆ ತೊಟ್ಟು ಮೇಲೆತ್ತಿದ ತೋಳು ಕಂಡರೆ ಅದು ಮಾಸ್ತಿಕಲ್ಲು. ಪತಿಯೊಡನೆ ಬೆಂಕಿಗೆ ಸಂದ ಹೆಣ್ಣಿನ ದಾರುಣ ಸ್ಮಾರಕ.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಒಂದು ನಾಯಿಯ ನೆನಪನ್ನೂ ಕಾಪಾಡಿದೆ. ಸುಮಾರು ಕ್ರಿ.ಶ. 950ರ ಈ ಶಾಸನದ ಪ್ರಕಾರ, ಗಂಗರ ಬೂತುಗನು ಶೌರ್ಯಕ್ಕೆ ಮೆಚ್ಚಿ ಮಣಲೇರನಿಗೆ 'ಕಾಳಿ' ಎಂಬ ಬೇಟೆನಾಯಿಯನ್ನು ಕೊಟ್ಟನು. ಅದು ಕಾಡುಹಂದಿಯೊಡನೆ ಸೆಣಸಿ ಸತ್ತಿತು. ಮಣಲೇರನು ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟನು. ಚೋಳರೊಡನೆ ನಡೆದ ತಕ್ಕೋಲದ ಮಹಾಯುದ್ಧದ ವಾರ್ತೆಯೂ ಅದೇ ಕಲ್ಲಿನಲ್ಲಿದೆ!

ರಾಜಧಾನಿ ಬೆಂಗಳೂರೂ ಇಂಥ ಕಲ್ಲುಗಳಿಗೆ ಋಣಿ. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ನೀಡಿದ್ದರಿಂದ ಊರಿಗೆ 'ಬೆಂದಕಾಳೂರು' ಎಂಬ ಹೆಸರು ಬಂದಿತೆಂಬ ಕಥೆ ಮನೆಮನೆಯಲ್ಲಿದೆ. ಆದರೆ ಬೇಗೂರಿನ ದೇವಾಲಯದಲ್ಲಿರುವ ಸುಮಾರು ಕ್ರಿ.ಶ. 890ರ ವೀರಗಲ್ಲು, 'ಬೆಂಗಳೂರ ಕಾಳಗ'ದಲ್ಲಿ ನಾಗತ್ತರನ ಪರಿವಾರದ ಬುಟ್ಟಣಸೆಟ್ಟಿಯು ಸತ್ತನೆಂದು ಸಾರುತ್ತದೆ. ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ಊರೂ ಇತ್ತು, ಹೆಸರೂ ಇತ್ತು.

ಇದಕ್ಕೂ ಹಳೆಯದು ಹೆಬ್ಬಾಳದ ಕಲ್ಲು. 2018ರಲ್ಲಿ ಚರಂಡಿಗಾಗಿ ನೆಲ ಅಗೆಯುವಾಗ ದೊರೆತ ಇದು, ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ರಾಷ್ಟ್ರಕೂಟರ ದಾಳಿಯನ್ನೆದುರಿಸಿ ಮಡಿದ ಕಿತ್ತಯ್ಯನನ್ನು ಅದು ನೆನೆಯುತ್ತದೆ. ಶ್ರೀಪುರುಷನ ಕೀರ್ತಿಯನ್ನು ಹೇಳಲು ಎಷ್ಟೋ ಶಾಸನಗಳಿವೆ. ಅಗೆತದ ಗಡಿಬಿಡಿಯಲ್ಲಿ ಈ ಕಲ್ಲು ಒಡೆದುಹೋಗಿದ್ದರೆ ಕಿತ್ತಯ್ಯನ ಪರವಾಗಿ ಸಾಕ್ಷಿ ನುಡಿಯುವವರಾರು?

ಎಲ್ಲ ಕಲ್ಲುಗಳಿಗೂ ಈ ಅದೃಷ್ಟವಿಲ್ಲ. ರಸ್ತೆ, ಬಡಾವಣೆ, ಹೊಸ ಮನೆಗಳ ತಳಪಾಯಗಳಲ್ಲಿ ಅವು ಮರೆಯಾಗುತ್ತಿವೆ. ಭಕ್ತಿಯಿಂದ ಬಳಿದ ಬಣ್ಣವೂ ಅಕ್ಷರಗಳನ್ನು ನುಂಗುತ್ತದೆ. ಕಲ್ಲನ್ನು ಕಿತ್ತು ಬೇರೆಡೆ ನೆಟ್ಟರೆ, ಕಾಳಗ ನಡೆದ ನೆಲದ ಗುರುತೂ ಅಳಿಯಬಹುದು.

ಜಾತ್ರೆಗೋ ಬೇಸಿಗೆಯ ರಜೆಗೋ ಹುಟ್ಟೂರಿಗೆ ಹೋದಾಗ, ಮಕ್ಕಳ ಕೈಹಿಡಿದು ಕೆರೆಯ ಏರಿಯವರೆಗೆ ನಡೆದು ಬರಬಹುದು. ಅಲ್ಲಿರುವ ಕಲ್ಲಿನ ವಿಷಯವಾಗಿ ಊರ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಬಹುದು; ಅಕ್ಷರಗಳು ಕಂಡರೆ ಚಿತ್ರ ತೆಗೆದು ಪುರಾತತ್ತ್ವ ಇಲಾಖೆಗೆ ತಿಳಿಸಬಹುದು. ಊರಿಗಾಗಿ ಪ್ರಾಣವಿತ್ತವನ ಹೆಸರನ್ನು ಊರಿನವರು ಓದಿ ಹೇಳುವುದು ದೊಡ್ಡ ಕೆಲಸವೇನಲ್ಲ. ಆದರೆ ಕಲ್ಲು ಇರುವಾಗಲೇ ಆಗಬೇಕಾದ ಕೆಲಸ ಅದು.