ಕೆಚ್ಚಲು ನೋಡುತ್ತೇವೆ, ವಸಡು ನೋಡುತ್ತೇವೆಯೇ?

ವಿದ್ಯಾರಣ್ಯಪುರಂನಲ್ಲಿ ಮೂರು ಹಸು ಕಟ್ಟಿರುವ ಅಕ್ಕ ಒಬ್ಬರಿಗೆ ಕೆಲವು ವರ್ಷಗಳಿಂದ ಶುಗರ್. ಮಾತ್ರೆ ತಪ್ಪಿಸುವುದಿಲ್ಲ, ಕಾಫಿಗೆ ಸಕ್ಕರೆ ಬಿಟ್ಟಿದ್ದಾರೆ. ಆದರೂ ಪರೀಕ್ಷೆ ಮಾಡಿಸಿದಾಗಲೆಲ್ಲ ಜಾಸ್ತಿಯೇ ಬರುತ್ತದೆ. ಮಾತಿನ ನಡುವೆ, "ಹಲ್ಲುಜ್ಜಿದರೆ ರಕ್ತ ಬರುತ್ತೆ, ಅದೇನು ದೊಡ್ಡದಲ್ಲ ಬಿಡಿ" ಅಂದರು.

ದೊಡ್ಡದೇ ಅಕ್ಕ.

ಹೊರಗೆ ಕಾಣದ ಕೆಚ್ಚಲು ಬಾವು ನಿಮಗೆಲ್ಲ ಗೊತ್ತು. ಕೆಚ್ಚಲು ಊದಿರುವುದಿಲ್ಲ, ಹಸು ಒದೆಯುವುದಿಲ್ಲ, ಹಾಲು ಮಾತ್ರ ಇಳಿಯುತ್ತದೆ. ವಸಡಿನ ರೋಗವೂ ಹಾಗೇ. ನೋವಿಲ್ಲದೆ ವರ್ಷಗಟ್ಟಲೆ ಬೆಳೆದು, ಹಲ್ಲು ಹಿಡಿದಿರುವ ಮೂಳೆಯನ್ನೇ ಸವೆಸುತ್ತದೆ. ಹಲ್ಲು ಅಲ್ಲಾಡಿದಾಗ ನಾವು ವಯಸ್ಸಾಯಿತು ಅಂದುಕೊಳ್ಳುತ್ತೇವೆ.

ಸಕ್ಕರೆ ಕಾಯಿಲೆ ಇದ್ದವರಿಗೆ, ಅದರಲ್ಲೂ ಹತೋಟಿ ತಪ್ಪಿದವರಿಗೆ, ಈ ರೋಗದ ಸಂಭವ ಸುಮಾರು ಮೂರು ಪಟ್ಟು. ಸಕ್ಕರೆ ಏರಿದರೆ ಸಣ್ಣ ರಕ್ತನಾಳಗಳು ಕೆಡುತ್ತವೆ, ಸೋಂಕು ತಡೆಯುವ ಶಕ್ತಿ ಕುಗ್ಗುತ್ತದೆ, ಬಾಯಿ ಒಣಗುತ್ತದೆ. ಕಣ್ಣು, ಮೂತ್ರಪಿಂಡ, ನರಗಳ ತೊಂದರೆಗಳ ಸಾಲಿಗೆ ಇದನ್ನೂ ಸೇರಿಸಿ, ಸಕ್ಕರೆ ಕಾಯಿಲೆಯ ಆರನೆಯ ತೊಡಕು ಎಂದು ದಂತವಿಜ್ಞಾನಿ ಹರಾಲ್ಡ್ ಲೋ 1993ರಲ್ಲೇ ಬರೆದರು.

ಹೆಚ್ಚಿನವರಿಗೆ ತಿಳಿಯದ್ದು ಇದರ ಮರುಮುಖ. ಕೆಟ್ಟ ವಸಡಿನ ಉರಿಯೂತ ಮೈಯಲ್ಲಿ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತದೆ, ಶುಗರ್ ಇಳಿಯುವುದಿಲ್ಲ. ವಸಡಿನ ಒಳಗಿನವರೆಗೂ ಶುಚಿ ಮಾಡಿಸಿದವರಲ್ಲಿ, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಮೂರು-ನಾಲ್ಕು ತಿಂಗಳಲ್ಲಿ ಸುಮಾರು 0.4ರಷ್ಟು ಇಳಿದಿದೆ. ಅಂದರೆ 8.4 ಇದ್ದದ್ದು 8ಕ್ಕೆ ಬಂದ ಹಾಗೆ. ಮಾತ್ರೆ ಬಿಡುವಷ್ಟಲ್ಲ, ಲೆಕ್ಕಕ್ಕೆ ಬರುವಷ್ಟಂತೂ ಹೌದು.

"ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತೆ" ಎನ್ನುವ ಮಾತು ಪ್ರತಿ ಡೇರಿ ಜಗಲಿಯಲ್ಲೂ ಕೇಳುತ್ತೇನೆ. ಹಲ್ಲಿನ ಸಂದಿಯಲ್ಲಿ ಗಟ್ಟಿಕಟ್ಟಿದ ಪಾಚಿ ಹೋದ ಮೇಲೆ, ಅದು ಮುಚ್ಚಿಟ್ಟಿದ್ದ ಸಂದು ಕಾಣುತ್ತದೆ, ಅಷ್ಟೇ. ಇದ್ದಿಲು, ಇಟ್ಟಿಗೆ ಪುಡಿಯಲ್ಲಿ ಉಜ್ಜುವುದು, ಎಲೆಯಡಿಕೆ ಜೊತೆ ಹೊಗೆಸೊಪ್ಪು ಹಾಕುವುದು ವಸಡಿಗೆ ನಿಜವಾದ ಕೇಡು.

30 ದಾಟಿದವರಿಗೆ ಶುಗರ್ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ. ವಸಡಿಗೆ ಮೈಸೂರಿನಲ್ಲಿ ಜೆಎಸ್‌ಎಸ್, ಫಾರೂಕಿಯಾ ದಂತ ಕಾಲೇಜುಗಳಿವೆ. ಹೋಗುವ ದಿನ ಹಾಲು ಹಾಕುವ ಗಡಿಬಿಡಿಯಲ್ಲಿ ತಿಂಡಿ ಬಿಡಬೇಡಿ, ಮಾತ್ರೆಯನ್ನೂ ಬಿಡಬೇಡಿ. ಶುಗರ್ ಇದೆ ಎಂದು ಕೂತ ಕೂಡಲೇ ಡಾಕ್ಟರಿಗೆ ಹೇಳಿ, ಚೀಟಿ ತೋರಿಸಿ.

ಆ ಅಕ್ಕ ಮುಂದಿನ ವಾರ ಹೋಗುತ್ತಾರಂತೆ. ಅವತ್ತು ಬೆಳಗಿನ ಹಾಲು ಕರೆಯಲು ಸೊಸೆ ಒಪ್ಪಿದ್ದಾಳೆ.