ಗೀಗೀ ಮೇಳ: ಸವಾಲಿಗೆ ಜವಾಬು ಬೇಕು

ಹೊರನಾಡಿನ ನಮ್ಮ ಕನ್ನಡ ಕೂಟದ ವೇದಿಕೆಯಲ್ಲಿ ಯಕ್ಷಗಾನ ಆಗಿದೆ, ಡೊಳ್ಳು ಕುಣಿತ ಆಗಿದೆ, ವೀರಗಾಸೆಯೂ ಬಂದು ಹೋಗಿದೆ. ಉತ್ತರ ಕರ್ನಾಟಕದ ಗೀಗೀ ಮೇಳ ಮಾತ್ರ ಇನ್ನೂ ಇತ್ತ ಸುಳಿದಿಲ್ಲ. ಕಣ್ಣು ಕೋರೈಸುವ ವೇಷ ಅದಕ್ಕಿಲ್ಲ, ಕುಣಿತವೂ ಇಲ್ಲ. ಅದರ ಬಂಡವಾಳವೆಲ್ಲ ಮಾತು. ಆ ಮಾತಿಗೆ ರಾಜಕೀಯದ ಖಾರವೂ ಇದೆ.

ಮೇಳಕ್ಕೆ ಮೂವರು ಸಾಕು. ಮುಂದೆ ನಿಂತವರ ಕೈಯಲ್ಲಿ ದಪ್ಪು ಎಂಬ ಚರ್ಮವಾದ್ಯ. ಹಿಮ್ಮೇಳದ ಇಬ್ಬರಲ್ಲಿ ಒಬ್ಬರಿಗೆ ತಾಳ, ಇನ್ನೊಬ್ಬರಿಗೆ ತುಂತುಣಿ. ತುಂತುಣಿ ಎಂದರೆ ಒಂದು ಕೊಳವೆ, ಅದರ ತಳಕ್ಕೆ ಚರ್ಮ, ಚರ್ಮದಿಂದ ಹೊರಟ ಒಂದೇ ತಂತಿ. ಮುಮ್ಮೇಳದವರು ನುಡಿ ಎತ್ತುತ್ತಾರೆ, ಹಿಮ್ಮೇಳದವರು ಗೀಗೀ ಎಂದು ಎಳೆದು ಪಲ್ಲ, ಅಂದರೆ ಪಲ್ಲವಿ, ಹಿಡಿಯುತ್ತಾರೆ. ಹಾಡು ಏರುತ್ತಿರುವಾಗಲೇ ದಪ್ಪು ಥಟ್ಟನೆ ನಿಲ್ಲುತ್ತದೆ. ಈಗ ಬರೀ ಮಾತು. ಹಾಡಿದ್ದರ ಅರ್ಥ, ಊರಿನ ಸುದ್ದಿ, ಎದುರಿಗೆ ಕೂತ ಗೌಡರಿಗೊಂದು ಚುಚ್ಚು, ಎಲ್ಲವೂ ಬರುತ್ತದೆ. ಆ ಸೀಮೆಯಲ್ಲಿ ನೆರೆದ ಜನರನ್ನು 'ಕೂಡಿದ ದೈವ' ಎಂದೇ ಕರೆಯುವ ರೂಢಿ. ದೈವದ ಎದುರು ಸುಳ್ಳು ಹೇಳುವುದು ಕಷ್ಟ!

ಇದರ ಜೀವ ಇರುವುದು ಜಗಳದಲ್ಲಿ. ಹರದೇಶಿ ಮೇಳದವರು ಗಂಡು ಹೆಚ್ಚು, ಶಿವ ಹೆಚ್ಚು ಎಂದು ಹಾಡುತ್ತಾರೆ. ನಾಗೇಶಿಯವರದು ಹೆಣ್ಣಿನ ಪಕ್ಷ, ಶಕ್ತಿಯ ಪಕ್ಷ. ಹೆಣ್ಣುಮಕ್ಕಳೇ ದಪ್ಪು ಹಿಡಿದು ಗಂಡಸರ ಮೇಳಕ್ಕೆ ಸವಾಲು ಎಸೆಯುತ್ತಾರೆ. ಬೆಳಗಿನವರೆಗೆ ಸವಾಲು, ಜವಾಬು. ಒಂದು ಬಣದ ಗುರುತು ತುರಾಯಿ, ಇನ್ನೊಂದರದು ಕಲ್ಗಿ. ಇದೇ ತುರಾಯಿ-ಕಲ್ಗಿಯ ಪರಂಪರೆ ರಾಜಸ್ಥಾನದಲ್ಲೂ ಇದೆ. ಅಲ್ಲಿಯವರು ಅದರ ಮೂಲವನ್ನು ತುಕನಗೀರ್ ಎಂಬ ಸಂನ್ಯಾಸಿ ಮತ್ತು ಶಾಹ್ ಅಲಿ ಎಂಬ ಫಕೀರನ ಹೆಸರಿಗೆ ಹಚ್ಚುತ್ತಾರೆ. ಒಬ್ಬ ಹಿಂದೂ, ಒಬ್ಬ ಮುಸಲ್ಮಾನ. ಇಬ್ಬರೂ ಒಂದೇ ಆಟದ ಎರಡು ಪಕ್ಷ. ನಮ್ಮಲ್ಲೂ ಹಲಸಂಗಿಯ ಖಾಜಾಭಾಯಿ ಕಟ್ಟಿದ, ಇಂಥ ಮೇಳಗಳು ಹಾಡುವ ಲಾವಣಿಗಳನ್ನು ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು ಕೂಡಿಸಿಟ್ಟರು. 1933ರ 'ಜೀವನ ಸಂಗೀತ' ಅವರ ಆ ದುಡಿಮೆಯ ಫಲ. ಒಗ್ಗಟ್ಟೆಂದರೆ ಎಲ್ಲರೂ ಒಂದೇ ಮಾತು ಆಡುವುದು ಎಂದು ಈ ಜನ ಯಾವತ್ತೂ ತಿಳಿದಿರಲಿಲ್ಲ. ಎದುರಾಳಿ ಎದ್ದು ಹೋಗದಂತೆ ವಾದ ಮಾಡುವುದು ಅವರ ವಿದ್ಯೆ.

ಇನ್ನು ರಾಜಕೀಯ. ಅದಕ್ಕೆ ಲಾವಣಿಯ ದಾರಿ ಹಳೆಯದು. 1857ರಲ್ಲಿ ಬ್ರಿಟಿಷರು ಹತಾರಗಳನ್ನು ಒಪ್ಪಿಸಿರೆಂದು ಕಾನೂನು ತಂದಾಗ ಮುಧೋಳ ಹತ್ತಿರದ ಹಲಗಲಿಯ ಬೇಡರು ಒಪ್ಪಲಿಲ್ಲ. ದಂಡು ಬಂದು ಊರಿಗೆ ಬೆಂಕಿ ಹಚ್ಚಿತು, ಸಿಕ್ಕವರನ್ನು ಗಲ್ಲಿಗೇರಿಸಿತು. ಆ ಕತೆ ಲಾವಣಿಯಾಗಿ ಊರೂರು ತಿರುಗಿತು. ಅದನ್ನೂ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ 1880ರ ದಶಕದಲ್ಲಿ ಸಂಗ್ರಹಿಸಿ ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್, ಅದೇ ಸರಕಾರದ ಅಧಿಕಾರಿ! ಇಂದು ಹಲಗಲಿಯ ಲಾವಣಿ ಶಾಲೆಯ ಪಠ್ಯದಲ್ಲಿದೆ. ಸ್ವಾತಂತ್ರ್ಯ ಚಳವಳಿಯ ಹೊತ್ತಿಗೆ ರಾಮದುರ್ಗ ಸೀಮೆಯ ಹುಲಕುಂದ ಭೀಮಕವಿಯಂಥವರು ಗೀಗೀ ಪದಗಳನ್ನೇ ಚಳವಳಿಯ ಕೆಲಸಕ್ಕೆ ಹಚ್ಚಿದರು. ಪತ್ರಿಕೆ ಓದಲು ಬಾರದ ಹಳ್ಳಿಗರಿಗೆ ಖಾದಿ, ಕರನಿರಾಕರಣೆಯ ಸುದ್ದಿಯನ್ನು ಮುಟ್ಟಿಸಿದವರಲ್ಲಿ ಈ ಹಾಡುಗಾರರೂ ಇದ್ದರು.

ಸ್ವರಾಜ್ಯ ಬಂದ ಮೇಲೆ ಸರಕಾರ ಇದೇ ಮೇಳಗಳಿಂದ ಕುಟುಂಬ ಯೋಜನೆ, ಸಾಕ್ಷರತೆ ಹಾಡಿಸಿತು. ಒಳ್ಳೆಯ ಕೆಲಸವೇ. ಆದರೆ ಸರಕಾರದ ಸಂಭಾವನೆ ತೆಗೆದುಕೊಂಡು ಸರಕಾರವನ್ನು ಚುಚ್ಚುವುದೆಂತು? ಆ ಖಾರ 1970ರ ದಶಕದಲ್ಲಿ ಬೇರೆ ಕಡೆ ಕಾಣಿಸಿತು. ಸಿದ್ಧಲಿಂಗಯ್ಯನವರ ಕವಿತೆಗಳು ದಲಿತ ಚಳವಳಿಯ ಮೆರವಣಿಗೆಗಳಲ್ಲಿ ತಮಟೆಯ ಜೊತೆ ಹಾಡಾದವು.

ಇಲ್ಲಿಯ ನಮ್ಮ ಮಕ್ಕಳಿಗೆ ರ‍್ಯಾಪ್ ಗೊತ್ತು. ತಾಳಕ್ಕೆ ಮಾತು ಜೋಡಿಸಿ ಎದುರಾಳಿಯನ್ನು ಕೆಣಕುವುದು ಅವರಿಗೆ ಹೊಸದೇನಲ್ಲ. ಒಂದು ದಪ್ಪು ಕೊಟ್ಟು, 'ಊರಿಗೆ ಮರಳುವುದು ಮೇಲೋ, ಇಲ್ಲೇ ನೆಲೆಸುವುದು ಮೇಲೋ' ಎಂದು ಎರಡು ಮೇಳ ಮಾಡಿದರೆ ನಮ್ಮ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ನಡೆಯುವ ವಾದ ವೇದಿಕೆಗೆ ಬರುತ್ತದೆ. ಜಾತಿಗೊಂದು ಸಂಘ ಕಟ್ಟಿಕೊಳ್ಳುವ, ಹುಬ್ಬಳ್ಳಿ-ಮೈಸೂರು ಎಂದು ಬೇರೆ ಬೇರೆ ಮೇಜಿಗೆ ಊಟಕ್ಕೆ ಕೂರುವ ನಮ್ಮ ಚಟಕ್ಕೂ ಒಂದಿಷ್ಟು ಚುಚ್ಚು ಬೀಳಲಿ.

ಕಾರ್ಯಕಾರಿ ಸಮಿತಿಯವರಲ್ಲಿ ಒಂದು ವಿನಂತಿ. ಮುಂದಿನ ರಾಜ್ಯೋತ್ಸವಕ್ಕೆ ಊರಿನಿಂದ ಕಲಾವಿದರನ್ನು ಕರೆಸುವುದಾದರೆ ಗೀಗೀ ಮೇಳಕ್ಕೆ ಸನ್ಮಾನದ ನಡುವೆ ಹತ್ತು ನಿಮಿಷ ಕೊಟ್ಟು ಕೈತೊಳೆದುಕೊಳ್ಳಬೇಡಿ, ಎರಡು ತಾಸಾದರೂ ಬೇಕು. ಖರ್ಚು ಉಳಿಸಲು ಒಂದೇ ಮೇಳ ಕರೆಸಲೂ ಬೇಡಿ. ಹರದೇಶಿ, ನಾಗೇಶಿ ಎರಡೂ ಬರಲಿ.